ದಿನಾ ಓಡಿಸುವ ಪಿಕಪ್‌ಗೆ ಎಷ್ಟು ಲಿಫ್ಟ್, ಯಾವ ಟೈರ್?

ನೀವು ಕೇಳಿದ್ದು ಇಷ್ಟು: ಸಕಲೇಶಪುರದ ಹತ್ತಿರ ಕಾಫಿ ತೋಟ, ದಿನಾ ಹಾಸನಕ್ಕೆ ಹೋಗಿ ಬರುವ ಕೆಲಸ, ಕೈಯಲ್ಲಿ 18 ಇಂಚಿನ ರಿಮ್ ಇರುವ ಇಸುಜು ವಿ-ಕ್ರಾಸ್. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಅಡಿ ತಾಗುತ್ತದೆ. ಅದಕ್ಕೆ 3 ಇಂಚು ಲಿಫ್ಟ್ ಮಾಡಿಸಿ, ಅಂದರೆ ಸಸ್ಪೆನ್ಷನ್‌ನಲ್ಲಿ ಗಾಡಿ ಎತ್ತರಿಸಿ, 285/70 ಆರ್17 ಟೈರ್ ಹಾಕಿಸಬಹುದಾ?

ಬೇಡ ಅಂತಲೇ ನನ್ನ ಉತ್ತರ. ಮೊದಲು ಟೈರ್ ಯಾವುದು ಅಂತ ತೀರ್ಮಾನ ಮಾಡಿ. ಆಮೇಲೆ ಆ ಟೈರ್‌ಗೆ ಮತ್ತು ನೀವು ದಿನಾ ಹೇರುವ ಭಾರಕ್ಕೆ ಬೇಕಾದಷ್ಟೇ ಎತ್ತರಿಸಿ. ನಿಮ್ಮ ಓಡಾಟಕ್ಕೆ ಲಿಫ್ಟೇ ಬೇಕಾಗದೆ ಹೋಗಬಹುದು. ಬೇಕಾದರೂ 40 ಎಂ.ಎಂ. ಸಾಕು. ವೀಲ್ ಅಲೈನ್‌ಮೆಂಟ್, ಸಸ್ಪೆನ್ಷನ್ ನನ್ನ ದಿನದ ಕೆಲಸ. ಲಿಫ್ಟ್ ಮಾಡಿಸಿದ ಗಾಡಿಗಳು ಆರು ತಿಂಗಳಾದ ಮೇಲೆ ಹೇಗಿರುತ್ತವೆ ಅಂತ ನೋಡುವವರು ನಾವು. ಫೋಟೋದಲ್ಲಿ ಚೆನ್ನಾಗಿ ಕಾಣುವುದು ಮೊದಲ ವಾರದ ಮಾತು.

ಮೊದಲು ತಾಗುತ್ತಿರುವುದು ಏನು ಅಂತ ಗಾಡಿ ಕೆಳಗೆ ಮಲಗಿ ನೋಡಿ. ಹಿಂದೆ ಆಕ್ಸೆಲ್ ಮಧ್ಯದಲ್ಲಿರುವ ಹೌಸಿಂಗ್ ಮೇಲೆ ಕಲ್ಲು ಉಜ್ಜಿದ ಗುರುತು ಇದೆಯಾ? ಇದ್ದರೆ ಎಷ್ಟು ಲಿಫ್ಟ್ ಹಾಕಿಸಿದರೂ ಅದು ತಾಗುತ್ತಲೇ ಇರುತ್ತದೆ. ಲಿಫ್ಟ್ ಎತ್ತುವುದು ಛಾಸಿ ಮತ್ತು ಬಾಡಿಯನ್ನು. ಹಿಂದಿನ ಆಕ್ಸೆಲ್ ಚಕ್ರದ ಜೊತೆಗೇ ಇರುತ್ತದೆ, ಅದನ್ನು ನೆಲದಿಂದ ಮೇಲೆತ್ತುವುದು ಟೈರ್ ಒಂದೇ. ಅದೂ ಟೈರ್‌ನ ವ್ಯಾಸ ಎಷ್ಟು ಹೆಚ್ಚಿತೋ ಅದರ ಅರ್ಧದಷ್ಟು ಮಾತ್ರ. ತಾಗುತ್ತಿರುವುದು ಮುಂದಿನ ಸ್ಕಿಡ್ ಪ್ಲೇಟ್, ಪಕ್ಕದ ಫುಟ್‌ಬೋರ್ಡ್ ಅಥವಾ ಹಿಂದಿನ ಬಂಪರ್ ಆದರೆ ಲಿಫ್ಟ್‌ನಿಂದ ಉಪಯೋಗ ಇದೆ. ಬರೀ ಫುಟ್‌ಬೋರ್ಡ್ ತಾಗುತ್ತಿದ್ದರೆ ಅದನ್ನೇ ಬಿಚ್ಚಿಡಿ, ಖರ್ಚು ಸೊನ್ನೆ.

ಈಗ ಟೈರ್ ಲೆಕ್ಕ. ನಿಮ್ಮ ಗಾಡಿಯಲ್ಲಿರುವುದು 255/60 ಆರ್18. ಅಗಲ 255 ಎಂ.ಎಂ., ಅದರ ಶೇ. 60ರಷ್ಟು ಸೈಡ್‌ವಾಲ್ (ರಿಮ್‌ನಿಂದ ನೆಲದವರೆಗಿನ ರಬ್ಬರ್), ಅಂದರೆ 153 ಎಂ.ಎಂ. ಮೇಲೊಂದು ಕೆಳಗೊಂದು ಸೇರಿಸಿ, 18 ಇಂಚಿನ ರಿಮ್ ಕೂಡಿಸಿದರೆ ಒಟ್ಟು 763 ಎಂ.ಎಂ. ಎತ್ತರ. ನೀವು ಕೇಳಿದ 285/70 ಆರ್17ಗೆ ಇದೇ ಲೆಕ್ಕ ಹಾಕಿದರೆ 831 ಎಂ.ಎಂ. ಹತ್ತಿರ ಹತ್ತಿರ ಶೇ. 9 ದೊಡ್ಡದು. ಮೀಟರ್‌ನಲ್ಲಿ 100 ತೋರಿಸುವ ಕಡೆ ಈಗ ಓಡುವುದಕ್ಕಿಂತ 9 ಕಿ.ಮೀ. ಜಾಸ್ತಿ ವೇಗದಲ್ಲಿ ಓಡುತ್ತಿರುತ್ತೀರಿ. ಅದು ಚಿಕ್ಕ ವಿಷಯ, ಅಭ್ಯಾಸವಾಗುತ್ತದೆ. ದೊಡ್ಡ ವಿಷಯ ಎಳೆಯುವ ಶಕ್ತಿ. ಚಕ್ರ ದೊಡ್ಡದಾದಷ್ಟೂ ಎಲ್ಲ ಗೇರ್‌ಗಳೂ ಉದ್ದ ಆದಂತೆ, ಎಳೆತ ಕಡಿಮೆ. ಲೋಡ್ ಹಾಕಿಕೊಂಡು ತೋಟದ ಏರಿನಲ್ಲಿ ರಿವರ್ಸ್ ತೆಗೆಯುವಾಗ ಎಂಜಿನ್‌ಗಿಂತ ಮೊದಲು ಕ್ಲಚ್‌ಗೆ ಅದು ಗೊತ್ತಾಗುತ್ತದೆ. ಮೂಗಿಗೂ ಗೊತ್ತಾಗುತ್ತದೆ. ಜೊತೆಗೆ ಚಕ್ರದ ತೂಕ. ದಪ್ಪ ಸೈಡ್‌ವಾಲ್‌ನ ಎಲ್‌ಟಿ (ಲೈಟ್ ಟ್ರಕ್) ಟೈರ್ ಒಂದೊಂದೂ ಕಂಪನಿ ಟೈರ್‌ಗಿಂತ ಹಲವು ಕಿಲೋ ಭಾರ. ಅದನ್ನು ತಿರುಗಿಸುವುದೂ ಕಷ್ಟ, ನಿಲ್ಲಿಸುವುದೂ ಕಷ್ಟ. ಬ್ರೇಕ್ ಮಾತ್ರ ಹಳೆಯದೇ.

ಇನ್ನು ಜಾಗದ ವಿಷಯ. ‘ಲಿಫ್ಟ್ ಹಾಕಿದರೆ ದೊಡ್ಡ ಟೈರ್ ಕೂರುತ್ತೆ’ ಅನ್ನುವುದು ಅರ್ಧ ಸತ್ಯ. ಗಾಡಿ ನಿಂತಾಗ ಕೂರುತ್ತದೆ. ಹಂಪ್ ಮೇಲೆ ಜೋರಾಗಿ ಇಳಿದಾಗ ಸ್ಪ್ರಿಂಗ್ ಪೂರ್ತಿ ಅದುಮಿ ಬಂಪ್ ಸ್ಟಾಪ್‌ವರೆಗೆ, ಅಂದರೆ ಚಕ್ರ ಇನ್ನು ಮೇಲೇರದಂತೆ ತಡೆಯುವ ರಬ್ಬರ್‌ವರೆಗೆ ಹೋಗುತ್ತದೆ. ಅಲ್ಲಿಗೆ ಹೋದಾಗ ಚಕ್ರ ಇರುವ ಜಾಗ ಲಿಫ್ಟ್ ಇಲ್ಲದ ಗಾಡಿಯಲ್ಲಿ ಇದ್ದದ್ದೇ. ನಮ್ಮಲ್ಲಿಗೆ ಬಂದ ಒಂದು ಗಾಡಿಯಲ್ಲಿ ಮುಂದಿನ ಚಕ್ರದ ಹಿಂಭಾಗದ ಪ್ಲಾಸ್ಟಿಕ್ ಲೈನರ್ ಮೇಲೆ ಬಾಗಿದ ಕಪ್ಪು ಗೆರೆ ಇತ್ತು, ಅದರ ನಡುವೆ ಪ್ಲಾಸ್ಟಿಕ್ ಸವೆದು ತೂತಾಗಿ ಒಳಗಿನ ತಗಡು ಕಾಣುತ್ತಿತ್ತು. ಓನರ್ ‘ಸ್ಟೀರಿಂಗ್ ಫುಲ್ ಕಟ್ ಮಾಡಿದಾಗ ಸ್ವಲ್ಪ ಸೌಂಡ್ ಬರುತ್ತೆ’ ಅಂದಿದ್ದರು ಅಷ್ಟೇ. ಘಾಟಿಯ ತಿರುವಿನಲ್ಲಿ ಗುಂಡಿ ಸಿಕ್ಕರೆ ಫುಲ್ ಕಟ್ಟೂ ಅದುಮುವುದೂ ಒಟ್ಟಿಗೇ ಆಗುತ್ತವೆ.

ಹಾಗಾದರೆ ಯಾವುದು ಹಾಕಬಹುದು? ಇರುವ ರಿಮ್ಮಿಗೇ 265/60 ಆರ್18 ಹಾಕಿದರೆ 775 ಎಂ.ಎಂ. ಟೊಯೋಟಾ ಹೈಲಕ್ಸ್‌ಗೆ ಕಂಪನಿಯಿಂದಲೇ ಬರುವ ಅಳತೆಗಳಲ್ಲಿ ಇದೊಂದು. ವ್ಯತ್ಯಾಸ ಶೇ. 2ರ ಒಳಗೆ, ಗೇರ್‌ಗೂ ಮೀಟರ್‌ಗೂ ತೊಂದರೆ ಇಲ್ಲ. ನನ್ನ ಇಷ್ಟ ಮಾತ್ರ ಬೇರೆ: 17 ಇಂಚಿನ ರಿಮ್‌ಗೆ 265/65 ಆರ್17. ಒಟ್ಟು ಎತ್ತರ 776, ಹೆಚ್ಚುಕಮ್ಮಿ ಅಷ್ಟೇ. ಆದರೆ ಸೈಡ್‌ವಾಲ್ 172 ಎಂ.ಎಂ., ನಿಮ್ಮದಕ್ಕಿಂತ 19 ಎಂ.ಎಂ. ಜಾಸ್ತಿ ರಬ್ಬರ್. ತೋಟದ ಕಲ್ಲಿಗೆ, ಡಾಂಬರ್ ಕಿತ್ತುಹೋದ ಗುಂಡಿಗೆ ರಿಮ್ ಬಲಿ ಕೊಡುವುದು ತಪ್ಪುತ್ತದೆ, ಒಳಗೆ ಕುಳಿತವರ ಸೊಂಟಕ್ಕೂ ಆರಾಮ. ರಿಮ್ ಕೊಳ್ಳುವ ಮೊದಲು ಒಂದನ್ನು ಹಾಕಿ ಕೈಯಲ್ಲಿ ತಿರುಗಿಸಿ ನೋಡಿ, ಬ್ರೇಕ್ ಕ್ಯಾಲಿಪರ್‌ಗೆ ಜಾಗ ಇರಬೇಕು. ಆಫ್‌ಸೆಟ್, ಅಂದರೆ ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ, ಕಂಪನಿಯದಕ್ಕೆ ಹತ್ತಿರ ಇರಲಿ. ಚಕ್ರ ಹೊರಗೆ ಚಾಚಿದರೆ ನೋಡಲು ಗತ್ತು, ಆದರೆ ಬೇರಿಂಗ್‌ಗೂ ಸ್ಟೀರಿಂಗ್‌ಗೂ ಹೊರೆ, ಬಾಗಿಲ ಮೇಲೆಲ್ಲ ಕೆಸರು.

265/70 ಆರ್17, ಅಂದರೆ 803 ಎಂ.ಎಂ., ನನ್ನ ಪ್ರಕಾರ ದಿನಾ ಓಡಿಸುವ ವಿ-ಕ್ರಾಸ್‌ಗೆ ಕೊನೆಯ ಮಿತಿ. ಅದು ಶೇ. 5 ದೊಡ್ಡದು, ಹಿಂದಿನ ಹೌಸಿಂಗ್ ಸುಮಾರು 20 ಎಂ.ಎಂ. ಮೇಲೇರುತ್ತದೆ. ಲೈನರ್ ಅಲ್ಲಲ್ಲಿ ಕತ್ತರಿಸಬೇಕಾಗಬಹುದು. ಇದನ್ನು ಹಾಕಿಸಿಕೊಂಡವರೆಲ್ಲ ‘ಮೈಲೇಜ್ ಬಿದ್ದುಹೋಯ್ತು’ ಅನ್ನುತ್ತಾರೆ. ಸ್ವಲ್ಪ ಬೀಳುವುದು ನಿಜ. ಆದರೆ ಮೀಟರ್ ಕೂಡ ಶೇ. 5 ಕಡಿಮೆ ಎಣಿಸುತ್ತಿರುತ್ತದೆ. ಲೀಟರ್‌ಗೆ 12 ಅಂತ ಲೆಕ್ಕ ಬಂದರೆ ನಿಜಕ್ಕೂ ಓಡಿರುವುದು 12.6. ಸರ್ವಿಸ್ ಕೂಡ ಮೀಟರ್ ಹೇಳುವುದಕ್ಕಿಂತ ಸ್ವಲ್ಪ ಮೊದಲೇ ಮಾಡಿಸಿ.

ಟೈರ್ ತರಹೆ: ಎಟಿ, ಅಂದರೆ ಆಲ್ ಟೆರೇನ್. ಪೂರ್ತಿ ಮಡ್ ಟೈರ್ ಬೇಡ. ನಿಮ್ಮ ದಿನದ ಓಟದಲ್ಲಿ ಬಹುಪಾಲು ಎನ್‌ಎಚ್ 75ರ ಡಾಂಬರು ಮತ್ತು ಕಾಂಕ್ರೀಟು. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಮಡ್ ಟೈರ್‌ನ ದೊಡ್ಡ ದೊಡ್ಡ ರಬ್ಬರ್ ಗಟ್ಟಿಗಳು ನೆಲ ಹಿಡಿಯುವುದು ಕಡಿಮೆ. ಸಕಲೇಶಪುರದಲ್ಲಿ ಒದ್ದೆ ರಸ್ತೆ ಎಷ್ಟು ತಿಂಗಳು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಜುಲೈನ ಜಿಗುಟು ಜೇಡಿಯಲ್ಲಿ ಎಟಿ ಟೈರ್‌ನ ಗೀರುಗಳು ಮೆತ್ತಿಕೊಂಡು ನುಣ್ಣಗಾಗುತ್ತವೆ, ಅದು ನಿಜ. ಅಲ್ಲಿ ಗಾಳಿ 20 ಪಿಎಸ್‌ಐ ಹತ್ತಿರ ಇಳಿಸಿ, 4ಎಲ್ (ಫೋರ್‌ವೀಲ್‌ನ ಲೋ ಗೇರ್) ಹಾಕಿ ನಿಧಾನಕ್ಕೆ ಹೋಗಿ. ಡಾಂಬರ್ ಹತ್ತುವ ಮೊದಲು ಗಾಳಿ ತುಂಬಿಸಲೇಬೇಕು, ಹಾಗಾಗಿ ಒಂದು ಚಿಕ್ಕ ಕಂಪ್ರೆಸರ್ ಗಾಡಿಯಲ್ಲಿ ಇರಲಿ. ಟೈರ್ ಕೊಳ್ಳುವಾಗ ನಾಲ್ಕಲ್ಲ, ಐದು. ಸ್ಟೆಪ್ನಿ ಹಳೆಯ ಅಳತೆಯಲ್ಲಿ ಉಳಿದರೆ ಪಂಚರ್ ಆದ ದಿನ ಫೋರ್‌ವೀಲ್ ಹಾಕುವಂತಿಲ್ಲ, ಎರಡು ಅಳತೆಯ ಚಕ್ರ ಸೇರಿ ಟ್ರಾನ್ಸ್‌ಫರ್ ಕೇಸ್ (ಮುಂದೆ ಹಿಂದೆ ಶಕ್ತಿ ಹಂಚುವ ಗೇರ್‌ಬಾಕ್ಸ್) ತಿರುಚಿಕೊಳ್ಳುತ್ತದೆ. ಹೊಸ ಸ್ಟೆಪ್ನಿ ಬಾಡಿ ಕೆಳಗಿನ ಜಾಗದಲ್ಲಿ ಕೂರುತ್ತದಾ ಅಂತಲೂ ನೋಡಿ.

ಇಷ್ಟು ಮಾಡಿ ಒಂದು ಮಳೆಗಾಲ ಓಡಿಸಿ. ಆಮೇಲೂ ಮುಂದಿನ ಪ್ಲೇಟ್ ತಾಗುತ್ತಿದ್ದರೆ ಲಿಫ್ಟ್ ಮಾತಾಡೋಣ.

ಲಿಫ್ಟ್ ಅಂದರೆ ಎಲ್ಲರೂ ಎತ್ತರ ಕೇಳುತ್ತಾರೆ. ಕೇಳಬೇಕಾದದ್ದು ಸ್ಪ್ರಿಂಗ್ ಎಷ್ಟು ಭಾರಕ್ಕೆ ಅಂತ. ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್ ತರಹದ ಆಸ್ಟ್ರೇಲಿಯಾದ ಕಿಟ್‌ಗಳಲ್ಲಿ ಒಂದೇ ಎತ್ತರಕ್ಕೆ ಬೇರೆ ಬೇರೆ ಭಾರದ ಸ್ಪ್ರಿಂಗ್ ಇರುತ್ತದೆ: ಖಾಲಿ ಓಡುವ ಗಾಡಿಗೆ ಒಂದು, ಯಾವಾಗಲೂ ಲೋಡ್ ಇರುವ ಗಾಡಿಗೆ ಇನ್ನೊಂದು. ಕೊಯ್ಲಿನ ಸಮಯ ನೆನೆಸಿಕೊಂಡು ಭಾರದ್ದನ್ನೇ ಹಾಕಿಸಿಕೊಂಡು ಬರುವವರು ಜಾಸ್ತಿ. ಉಳಿದ ಒಂಬತ್ತು ತಿಂಗಳು ಹಿಂದೆ ಖಾಲಿ ಬಾಡಿ, ಹಂಪ್ ಹಂಪ್‌ಗೂ ನೆಗೆತ. ಮಳೆಯಲ್ಲಿ ಶಿರಾಡಿ ಇಳಿಯುವಾಗ ಹಿಂದಿನ ಚಕ್ರ ನೆಲ ಬಿಟ್ಟರೆ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ವರ್ಷದಲ್ಲಿ ಹೆಚ್ಚು ದಿನ ಎಷ್ಟು ಭಾರ ಇರುತ್ತದೋ ಅದಕ್ಕೆ ಸ್ಪ್ರಿಂಗ್ ಆರಿಸಿ. ಕೊಯ್ಲಿನಲ್ಲಿ ಒಂದು ಟ್ರಿಪ್ ಜಾಸ್ತಿ ಹೊಡೆಯಿರಿ.

ಮುಂದೆ ಶಾಕ್ ಮೇಲೆ ಸ್ಪೇಸರ್ (ಎತ್ತರ ಕೊಡುವ ತುಂಡು) ಇಟ್ಟು ‘ಅಗ್ಗದಲ್ಲಿ ಲಿಫ್ಟ್’ ಮಾಡಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಅದರ ಬಗ್ಗೆ ಒಂದು ವಿಷಯ ಗೊತ್ತಿರಲಿ. ಶಾಕ್ ಕೂರುವುದು ಚಕ್ರವನ್ನು ಛಾಸಿಗೆ ಸೇರಿಸುವ ಕೆಳಗಿನ ಆರ್ಮ್‌ನ ತುದಿಯಲ್ಲಲ್ಲ, ಅದರ ನಡುವೆ ಎಲ್ಲೋ. ಹಾಗಾಗಿ 25 ಎಂ.ಎಂ. ಸ್ಪೇಸರ್ ಇಟ್ಟರೆ ಚಕ್ರದ ಹತ್ತಿರ ಸುಮಾರು ಅದರ ಎರಡರಷ್ಟು ಏರುತ್ತದೆ. ಇದು ಗೊತ್ತಿಲ್ಲದೆ 50 ಎಂ.ಎಂ. ಸ್ಪೇಸರ್ ಇಟ್ಟ ಗಾಡಿಗಳನ್ನು ನೋಡಿದ್ದೇನೆ. ಮುಂದಿನ ಆಕ್ಸೆಲ್ ಕಡಿದಾದ ಕೋನದಲ್ಲಿ ತಿರುಗುತ್ತಿರುತ್ತದೆ. ಅದರ ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್‌ನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಸೀಳುತ್ತವೆ, ಚಕ್ರದ ಒಳಗಡೆಗೆಲ್ಲ ಗ್ರೀಸ್ ಚಿಮ್ಮಿರುತ್ತದೆ. ಆ ಸೀಳಿನೊಳಗೆ ಕೆಸರು ಹೊಕ್ಕರೆ ಜಾಯಿಂಟ್ ಬಹಳ ದಿನ ಉಳಿಯುವುದಿಲ್ಲ. ಹಿಂದೆ ಕಮಾನ್ ಪ್ಲೇಟು ಮತ್ತು ಆಕ್ಸೆಲ್ ನಡುವೆ ಎತ್ತರದ ಬ್ಲಾಕ್ ಇಡುವುದೂ ಅಷ್ಟೇ. ಜೋರಾಗಿ ಎಳೆದಾಗ ಆಕ್ಸೆಲ್ ತಿರುಚುತ್ತದೆ, ಪ್ಲೇಟು ಬಾಗುತ್ತದೆ.

40 ಎಂ.ಎಂ. ಒಳಗಿದ್ದರೆ ಈ ತಾಪತ್ರಯ ಬಹಳ ಕಡಿಮೆ. 3 ಇಂಚು ಅಂದರೆ 76 ಎಂ.ಎಂ. ಅಷ್ಟು ಏರಿಸಿದರೆ ಮೇಲಿನ ಆರ್ಮ್ ಬದಲಿಸಬೇಕು, ಮುಂದಿನ ಡಿಫರೆನ್ಶಿಯಲ್ ಇಳಿಸುವ ಬ್ರಾಕೆಟ್ ಬೇಕು, ಆದರೂ ಅಲೈನ್‌ಮೆಂಟ್ ಸರಿ ಬರುತ್ತದೆ ಅಂತ ಗ್ಯಾರಂಟಿ ಇಲ್ಲ. ಎತ್ತಿದ ಗಾಡಿಯಲ್ಲಿ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ಓರೆ) ಸರಿ ಮಾಡಲು ಹೋದರೆ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ತಿರುಗುವ ಅಕ್ಷದ ಓರೆ) ಕಳೆದುಕೊಳ್ಳುತ್ತೇವೆ. ಕ್ಯಾಸ್ಟರ್ ಕಡಿಮೆಯಾದ ಗಾಡಿಯ ಸ್ಟೀರಿಂಗ್ ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದಿಲ್ಲ, ಹೆದ್ದಾರಿಯಲ್ಲಿ ಆ ಕಡೆ ಈ ಕಡೆ ಹರಿದಾಡುತ್ತದೆ. ದಿನಾ ಹಾಸನಕ್ಕೆ ಹೋಗುವವರಿಗೆ ಇದು ಸುಸ್ತು. ಲಿಫ್ಟ್ ಮೊದಲು ಒಂದು, ಆಮೇಲೆ ಒಂದು ಅಲೈನ್‌ಮೆಂಟ್ ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ. ಕ್ಯಾಸ್ಟರ್ ಅಂಕಿ ಇಲ್ಲದ ಪ್ರಿಂಟ್ ಕೊಟ್ಟರೆ ಕೇಳಿ ತಗೊಳ್ಳಿ. ಹೆಡ್‌ಲೈಟ್‌ನ ಬೆಳಕನ್ನೂ ಮತ್ತೆ ಕೆಳಕ್ಕೆ ಹೊಂದಿಸಬೇಕು, ಇಲ್ಲದಿದ್ದರೆ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ.

ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. 76 ಎಂ.ಎಂ. ಲಿಫ್ಟ್, ಟೈರ್‌ನಿಂದ ಮತ್ತೆ 34. ಬಾಡಿ ಹಲಗೆ ನಾಲ್ಕು ಇಂಚಿಗಿಂತ ಜಾಸ್ತಿ ಮೇಲೆ ಹೋಯಿತು. 50 ಕೆ.ಜಿ. ಕಾಫಿ ಚೀಲವನ್ನು ಅಲ್ಲಿಗೆ ಎತ್ತುವವರು ನೀವಲ್ಲದಿರಬಹುದು, ಎತ್ತುವವರನ್ನು ಒಂದು ಮಾತು ಕೇಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನೂ ಕೇಳಿ.

ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅಂತ ಸೇರಿದೆ. ‘ಯಾರೂ ಹಿಡಿಯಲ್ಲ ಸಾರ್’ ಅಂತ ಕಿಟ್ ಮಾರುವವರು ಹೇಳುತ್ತಾರೆ. ರಸ್ತೆಯಲ್ಲಿ ಹಿಡಿಯದೆ ಇರಬಹುದು. ಅಪಘಾತ ಆದ ಮೇಲೆ ಇನ್ಶೂರೆನ್ಸ್ ಸರ್ವೇಯರ್ ಟೇಪ್ ಹಿಡಿದು ಬರುತ್ತಾನಲ್ಲ, ಆಗ ಕಷ್ಟ. ಹಾಗಾಗಿ ಟೈರ್ ಅಳತೆ ಬದಲಿಸುವುದಿರಲಿ, ಲಿಫ್ಟ್ ಇರಲಿ, ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಇನ್ಶೂರೆನ್ಸ್‌ನವರಿಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ.

ಈ ವಾರ ಒಂದು ಟೇಪ್ ತಗೊಂಡು ನಾಲ್ಕೂ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ಖಾಲಿ ಇದ್ದಾಗ ಒಮ್ಮೆ, ಮಾಮೂಲಿ ಲೋಡ್ ಇದ್ದಾಗ ಒಮ್ಮೆ. ಈ ಅಂಕಿಗಳು ಮತ್ತು ಹೌಸಿಂಗ್ ಮೇಲೆ ಗುರುತು ಇದೆಯೋ ಇಲ್ಲವೋ ಅಂತ ಹೇಳಿದರೆ ಸ್ಪ್ರಿಂಗ್ ವಿಷಯ ಇನ್ನೂ ನಿಖರವಾಗಿ ಹೇಳಬಹುದು. ಅಷ್ಟರಲ್ಲಿ ಯಾರಾದರೂ ಲಿಫ್ಟ್ ಮಾಡಿಯೇ ಕೊಟ್ಟರೆ, ಮೊದಲ 500 ಕಿ.ಮೀ. ಆದ ಮೇಲೆ ಕಮಾನ್ ಪ್ಲೇಟನ್ನು ಆಕ್ಸೆಲ್‌ಗೆ ಬಿಗಿದಿಡುವ ಹಿಂದಿನ ಯು-ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿ ಮಾಡಿಸುವುದನ್ನು ಮರೆಯಬೇಡಿ.