“ನನ್ನ ಅಭಿಪ್ರಾಯಾನ ನೋವು ಅಂತ ಮಾಡ್ಬೇಡಿ ಮೇಡಂ”

ಸೇನೆಯಲ್ಲಿರುವವರು ರಜೆಗೆ ಬಂದಾಗ ಆಪ್ತ ಸಲಹೆಗಾರ್ತಿಯಾದ ನನ್ನ ಬಳಿ ಬರುವುದು ಹೆಚ್ಚಾಗಿ ನಿದ್ದೆ, ಕುಡಿತ, ಇಲ್ಲವೇ ಜಮೀನು ಪಾಲಿನ ಜಗಳಕ್ಕೆ. ಈಚೆಗೆ ಅದಕ್ಕೆ ಇನ್ನೊಂದು ಸೇರಿಕೊಂಡಿದೆ: ರಾಜಕೀಯ. ಮನೆಯಲ್ಲಿ ಎಲ್ಲರೂ ಮಾತಾಡುತ್ತಾರೆ, ಇವರೊಬ್ಬರು ಆಡುವಂತಿಲ್ಲ. ಆಡದೆ ಇರಲೂ ಆಗುತ್ತಿಲ್ಲ. ಅಂಥ ನಾಲ್ಕಾರು ಪ್ರಕರಣಗಳಲ್ಲಿ ಇದೊಂದನ್ನೇ ಬರೆಯುತ್ತಿರುವುದಕ್ಕೆ ಕಾರಣ, ಇಲ್ಲಿ ಎಡವಿದ್ದು ನಾನು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ.

ಅವರು ಹವಾಲ್ದಾರ್. 17 ವರ್ಷದ ಸೇವೆ. ಅಕ್ಕನ ಮಗ ಇವರನ್ನು ನೋಡಿಕೊಂಡೇ ಬೆಳೆದವನು, ಬೆಳಗಿನ ಜಾವ ಎದ್ದು ಕೆರೆ ಏರಿಯ ಮೇಲೆ ಓಡುತ್ತಿದ್ದವನು. ಕೋವಿಡ್ ಕಾಲದಲ್ಲಿ ಎರಡು ವರ್ಷ ಸರಿಯಾಗಿ ಸೇನಾ ಭರ್ತಿ ರ‍್ಯಾಲಿ ನಡೆಯಲಿಲ್ಲ. 2022ರ ಜೂನ್‌ನಲ್ಲಿ ಸೇನಾ ಭರ್ತಿಯ ಅಗ್ನಿಪಥ ಯೋಜನೆ ಬಂತು: ನಾಲ್ಕು ವರ್ಷ ಸೇವೆ, ಆಮೇಲೆ ಹೆಚ್ಚೆಂದರೆ ಶೇ. 25ರಷ್ಟು ಜನರಿಗೆ ಮುಂದುವರಿಕೆ. ಆಗ ವಯಸ್ಸಿನ ಮಿತಿ 21. ಆ ಒಂದು ವರ್ಷದ ಮಟ್ಟಿಗೆ 23ಕ್ಕೆ ಏರಿಸಿದ್ದರು. ಆ ವರ್ಷ ಹುಡುಗ ಆಯ್ಕೆಯಾಗಲಿಲ್ಲ, ಮರುವರ್ಷಕ್ಕೆ ವಯಸ್ಸು ಮೀರಿತ್ತು. ಮಾವ ರಜೆಗೆ ಬಂದಾಗ ಊಟದ ಹೊತ್ತಲ್ಲಿ ಎಲ್ಲರೆದುರು ಕೇಳಿದ: “ಮಾವ, ನೀವೇ ಹೇಳಿ, ಇದು ಸರೀನಾ?” ಇವರು ತಟ್ಟೆ ನೋಡುತ್ತಾ ಕೂತರು. “ಸಂಬಳ ಬರೋ ಬಾಯಿ ಹೆಂಗೆ ತೆಗೀತೀರ ಬಿಡಿ” ಎಂದು ಹುಡುಗ ಎದ್ದು ಹೋದ.

ಅದೇ ರಾತ್ರಿ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಇವರು ಅಗ್ನಿಪಥದ ಬಗ್ಗೆ ಉದ್ದನೆಯ ಸಂದೇಶ ಬರೆದು ಹಾಕಿದರು. ಪಕ್ಕದಲ್ಲಿ ಸಮವಸ್ತ್ರದ ಪ್ರೊಫೈಲ್ ಫೋಟೊ. ಹತ್ತು ನಿಮಿಷದಲ್ಲಿ ಹೆಂಡತಿ ಕಂಡು, “ರೀ, ಮೊದ್ಲು ತೆಗೀರಿ” ಎಂದು ಅಳಿಸಿಹಾಕಿಸಿದರು. ಯಾರು ಓದಿದರು, ಯಾರು ಸ್ಕ್ರೀನ್‌ಶಾಟ್ ತೆಗೆದುಕೊಂಡರು ಗೊತ್ತಿಲ್ಲ. ಅಲ್ಲಿಂದ ನಿದ್ದೆ ಹೋಯಿತು.

ಮೊದಲ ಭೇಟಿಯಲ್ಲಿ ನಾನು ನಿಯಮದ ಮಾತು ತೆಗೆದೆ. ಸಂವಿಧಾನದ 33ನೇ ವಿಧಿ, ಸಶಸ್ತ್ರ ಪಡೆಯವರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ ಎಂದು ಶುರುಮಾಡುವಷ್ಟರಲ್ಲಿ ಅವರು ತಡೆದರು. “ರೂಲು ನಂಗೆ ಗೊತ್ತು ಮೇಡಂ. ನಾನೇ ಹೊಸ ಹುಡುಗ್ರಿಗೆ ಹೇಳ್ಕೊಡ್ತೀನಿ.” ಅದೂ ಸರಿ. 1954ರ ಸೇನಾ ನಿಯಮಗಳ 20ನೆಯದು ರಾಜಕೀಯ ಸಭೆಗೆ ಹೋಗಬೇಡ, ಪಕ್ಷಕ್ಕೆ ಸೇರಬೇಡ ಎನ್ನುತ್ತದೆ. 21ನೆಯದು ರಾಜಕೀಯ ವಿಷಯವನ್ನಾಗಲಿ ಸೇನೆಗೆ ಸಂಬಂಧಿಸಿದ್ದನ್ನಾಗಲಿ ಅನುಮತಿಯಿಲ್ಲದೆ ಪ್ರಕಟಿಸಬೇಡ ಎನ್ನುತ್ತದೆ. ಇವರ ಸಂದೇಶದ ವಿಷಯ ಎರಡೂ ಆಗಿತ್ತು.

ಎರಡನೆಯ ಭೇಟಿಯ ಬಗ್ಗೆ ಬಿಡಿಸಿ ಹೇಳಬೇಕು. ಅಳಿಸಿದ ಸಂದೇಶ ಅವರಿಗೆ ಬಾಯಿಪಾಠವಾಗಿತ್ತು. ಹೇಳಿ ಎಂದೆ. ಹೇಳಿದರು. ನಾಲ್ಕು ವರ್ಷದ ಹುಡುಗನಿಗೆ ಪಲ್ಟನ್ನು ಯಾವಾಗ ಮನೆಯಾಗಬೇಕು, ಮನೆಗೆ ಹೋಗುವ ದಿನ ಎಣಿಸುವವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ರಾತ್ರಿ ಕಾವಲು ಮಾಡುವುದು ಹೇಗೆ ಎಂಬ ಪ್ರಶ್ನೆಗಳು ಅದರಲ್ಲಿದ್ದವು. ಎದುರು ವಾದವೂ ಇತ್ತು: ಸೈನಿಕರ ಸರಾಸರಿ ವಯಸ್ಸು ಇಳಿಯಬೇಕು ಅನ್ನುವುದು ತಪ್ಪಲ್ಲ ಎಂದು ಅವರೇ ಒಪ್ಪಿ ಬರೆದಿದ್ದರು. ಕೊನೆಗೆ ಅಳಿಯನ ಓಟದ ಬೂಟಿನ ಬಗ್ಗೆ ಎರಡು ಸಾಲು.

ನಾನು ಆ ಎರಡು ಸಾಲನ್ನು ಹಿಡಿದುಕೊಂಡೆ. ನಮ್ಮ ವೃತ್ತಿಯ ಚಟ ಅದು, ಮಾತಿನ ಹಿಂದೆ ಇನ್ನೊಂದು ಮಾತು ಹುಡುಕುವುದು. “ನೋಡಿ, ಇದು ಸರ್ಕಾರಕ್ಕೆ ಬರೆದಿದ್ದಲ್ಲ. ಅಳಿಯನಿಗೆ ಬರೆದಿದ್ದು. ಊಟದ ಹೊತ್ತಲ್ಲಿ ಅವನಿಗೆ ಹೇಳದೆ ಉಳಿದ ನೋವು ಇದು” ಎಂದೆ. ಹೇಳಿ, ಒಳ್ಳೆಯ ಮಾತು ಹೇಳಿದೆನೆಂದು ಸುಮ್ಮನಾದೆ.

ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ದನಿ ಏರಿಸದೆ ಹೇಳಿದರು: “ನೋವೂ ಇದೆ ಮೇಡಂ, ಇಲ್ಲ ಅನ್ನಲ್ಲ. ಆದ್ರೆ ನನ್ನ ಅಭಿಪ್ರಾಯಾನ ನೋವು ಅಂತ ಮಾಡ್ಬೇಡಿ. ಸಿಒ (ಕಮಾಂಡಿಂಗ್ ಆಫೀಸರ್) ಸಾಹೇಬ್ರು ಅದನ್ನ ಡಿಸಿಪ್ಲಿನ್ ಅಂತಾರೆ, ಮನೇವ್ಳು ಹುಚ್ಚು ಅಂತಾಳೆ, ನೀವು ನೋವು ಅಂತೀರಿ. ನಾನು ಯೋಚ್ನೆ ಮಾಡಿ ಒಂದು ಮಾತು ಹೇಳಿದೀನಿ, ಅದು ಸರೀನೋ ತಪ್ಪೋ ಅಂತ ಇವತ್ತಿನವರ್ಗೂ ಒಬ್ರೂ ಕೇಳ್ಲಿಲ್ಲ.”

ನನಗೆ ಉತ್ತರ ತೋಚಲಿಲ್ಲ. ಉಳಿದ ಅರ್ಧ ಗಂಟೆ ನಾವು ಆ ಸಂದೇಶದ ಬಗ್ಗೆಯೇ ಮಾತಾಡಿದೆವು, ಸಲಹೆಗಾರ್ತಿ ಮತ್ತು ಹವಾಲ್ದಾರ್ ಆಗಿ ಅಲ್ಲ, ಇಬ್ಬರು ಮತದಾರರಾಗಿ. ಒಂದೆರಡು ಕಡೆ ನಾನು ಒಪ್ಪಲಿಲ್ಲ. ಪಿಂಚಣಿಯ ಹೊರೆಯ ವಿಷಯ ಬಂದಾಗ ದನಿ ಏರಿಸಿಯೇ ವಾದಿಸಿದರು. ಎದ್ದು ಹೋಗುವಾಗ ಅವರ ಮುಖ ಹಗುರಾಗಿತ್ತು. ಇಂಥದ್ದು ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದಕ್ಕೆ ವಿರುದ್ಧವೇ ಅನ್ನಬೇಕು.

ಇಷ್ಟಾದರೂ ನಾನು ಕೊಟ್ಟ ಸಲಹೆ: ಮತ್ತೆ ಹಾಕಬೇಡಿ. ಬೇರೆ ಹೆಸರಿನಲ್ಲೂ ಬೇಡ, ಹೆಂಡತಿಯ ಫೋನಿನಿಂದಲೂ ಬೇಡ. ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು, “ಹಾಗಾದರೆ ನೀನೂ ಬಾಯಿ ಮುಚ್ಚಿಸಿದೆ ತಾನೇ?” ಎಂದರು. ಹೌದು, ಗುಂಪಿನ ಮಟ್ಟಿಗೆ ಮುಚ್ಚಿಸಿದೆ. ಕೆಲಸ ಹೋದೀತೆಂಬ ಹೆದರಿಕೆ ಒಂದು ಕಾರಣ, ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದು ಕಾರಣವನ್ನು ನಾನು ನಿಜವಾಗಿ ನಂಬುತ್ತೇನೆ. ಆ ಗುಂಪಿನಲ್ಲಿ ಸಂದೇಶ ಓದುವವರು ಇವರ ತರ್ಕವನ್ನು ತೂಗುವುದಿಲ್ಲ, ಫೋಟೊದಲ್ಲಿರುವ ಸಮವಸ್ತ್ರವನ್ನು ನೋಡುತ್ತಾರೆ. ಆ ಸಮವಸ್ತ್ರ ಇವರೊಬ್ಬರದಲ್ಲ, ಇವರ ಮಾತನ್ನು ಒಪ್ಪದ ಪಕ್ಕದ ಬಂಕರಿನವನದೂ ಹೌದು. ಪಕ್ಷಗಳು ಪ್ರಚಾರದಲ್ಲಿ ಸೈನಿಕರ ಫೋಟೊ ಬಳಸಬಾರದೆಂದು ಚುನಾವಣಾ ಆಯೋಗ 2013ರಲ್ಲಿ ಹೇಳಿ, 2019ರಲ್ಲಿ ಮತ್ತೆ ನೆನಪಿಸಬೇಕಾಯಿತು. ಅವರು ಬಳಸಬಾರದು ಎನ್ನುವವರು ನಾವೂ ಬಳಸಬಾರದಲ್ಲವೇ? ಜರ್ಮನಿಯಲ್ಲಿ ಸೈನಿಕ ಪಕ್ಷದ ಸದಸ್ಯನಾಗಬಹುದು, ಚುನಾವಣೆಗೂ ನಿಲ್ಲಬಹುದು. ಅಲ್ಲಿಯೂ ಸಮವಸ್ತ್ರ ತೊಟ್ಟು ರಾಜಕೀಯ ಸಭೆಗೆ ಹೋಗುವಂತಿಲ್ಲ.

ಅಭಿಪ್ರಾಯವೇ ಇರಬಾರದು ಎಂದು ಮಾತ್ರ ಯಾವ ನಿಯಮವೂ ಹೇಳುವುದಿಲ್ಲ. ಅಧಿಕಾರಿಗಳೂ ಮನೆಯವರೂ ಇದನ್ನೇ ಮರೆಯುವುದು. ಹಾಗಾಗಿ ಮತದ ಬಗ್ಗೆ ಕೇಳಿದೆ. 17 ವರ್ಷದಲ್ಲಿ ಒಂದೇ ಸಲ ಹಾಕಿದ್ದರಂತೆ. ಸೇವಾ ಮತದಾರರ ಮತಪತ್ರ ಮೊದಲು ಅಂಚೆಯಲ್ಲಿ ಹೋಗಿ ಬರುವಷ್ಟರಲ್ಲಿ ಎಣಿಕೆಯೇ ಮುಗಿದುಬಿಡುವ ಭಯವಿತ್ತು. 2016ರಿಂದ ಅದನ್ನು ವಿದ್ಯುನ್ಮಾನವಾಗಿ ಕಳಿಸುವ ವ್ಯವಸ್ಥೆ ಬಂದಿದೆ, ಮುದ್ರಿಸಿ ಗುರುತು ಹಾಕಿ ವಾಪಸ್ ಅಂಚೆಗೆ ಹಾಕಿದರಾಯಿತು. “ಸೇವಾ ಮತದಾರರ ಪಟ್ಟಿಗೆ ಸೇರೋ ನಮೂನೆ 2 ತುಂಬಿದೀರಾ?” ಎಂದರೆ, “ಕ್ಲಾರ್ಕ್ ತುಂಬ್ಸಿರ್ಬೇಕು” ಎಂದರು. ದೊಡ್ಡ ಅಭಿಪ್ರಾಯ ಇಟ್ಟುಕೊಂಡವರು ಇಷ್ಟೂ ನೋಡಿಕೊಂಡಿಲ್ಲವಲ್ಲ ಎಂದು ನನಗೆ ಸಿಟ್ಟೇ ಬಂತು, ಹೇಳಿಯೂಬಿಟ್ಟೆ. ನಕ್ಕರು.

ಸ್ಕ್ರೀನ್‌ಶಾಟಿನ ವಿಷಯದಲ್ಲಿ ನಾನು ವಕೀಲೆಯಲ್ಲ ಎಂದೆ. ಡ್ಯೂಟಿಗೆ ಮರಳಿದ ಮೇಲೆ, ಯಾರಾದರೂ ಕೇಳುವ ಮೊದಲೇ, ನಂಬಿಕೆಯ ಸುಬೇದಾರ್ ಸಾಹೇಬರ ಬಳಿ ಮಾತಾಡುವುದಾಗಿ ಅವರೇ ಹೇಳಿದರು. ಅಧಿಕಾರಿ ತನ್ನ ಜವಾನರ ಅಹವಾಲು ಕೇಳುವ ಸೈನಿಕ ಸಮ್ಮೇಳನದಲ್ಲಿ ಎತ್ತಬಹುದಲ್ಲ ಎಂದು ನಾನು ಕೇಳಿದ್ದಕ್ಕೆ, “ಅಲ್ಲಿ ಮೆಸ್ಸು, ರಜೆ, ಕ್ವಾರ್ಟರ್ಸ್ ಕೇಳ್ಬೋದು ಮೇಡಂ. ದಿಲ್ಲಿ ಕೇಳಕ್ಕಾಗಲ್ಲ” ಎಂದರು.

ಅಳಿಯನ ಜೊತೆ ಮಾತು ಬಾಕಿ ಇತ್ತು. ಮನೆಯೊಳಗೆ, ಇಬ್ಬರೇ, ಫೋನು ಬದಿಗಿಟ್ಟು, ತಮಗೆ ಅನಿಸಿದ್ದನ್ನು ಪೂರ್ತಿ ಹೇಳಿ. ಹೊರಗೆ ಯಾಕೆ ಹೇಳುವುದಿಲ್ಲ ಅನ್ನುವುದನ್ನೂ ಹೇಳಿ ಎಂದಿದ್ದೆ. ರಜೆ ಮುಗಿಯುವ ಹಿಂದಿನ ದಿನ ಅದು ಆಯಿತಂತೆ. ಹೆಂಡತಿ ಫೋನ್ ಮಾಡಿ ತಿಳಿಸಿದರು. ಸಮಾಧಾನವೇನೂ ಆಗಲಿಲ್ಲವಂತೆ. ಹುಡುಗ ಮಾವನ ಅರ್ಧ ಮಾತನ್ನು ಒಪ್ಪದೆ ರಾತ್ರಿ ಹನ್ನೊಂದರವರೆಗೂ ವಾದ ಮಾಡಿದನಂತೆ, ಬೆಳಗ್ಗೆ ಟ್ರಂಕು ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುವಾಗಲೂ ಬಿಡಲಿಲ್ಲವಂತೆ.