ನೂರಕ್ಕೆ ಎಷ್ಟು? ಹದಿನಾರಾಣೆ, ಅಂಕಪಟ್ಟಿ, 916 ಚಿನ್ನ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಶೇಕಡಾ ಲೆಕ್ಕದವು. ಮೂರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದು ಒಬ್ಬ ಹುಡುಗನದು. ಅವನಿಗೆ ಕೊಟ್ಟ ಉತ್ತರ ಗೊತ್ತಿದ್ದರೆ ಉಳಿದ ಎರಡು ಸುಲಭ, ಹಾಗಾಗಿ ದೊಡ್ಡವರೂ ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ಪ್ರಶ್ನೆ: ನಾನು ಏಳನೇ ತರಗತಿ. ಭಿನ್ನರಾಶಿಯನ್ನು ಶೇಕಡಾ ಮಾಡಲು 100ರಿಂದ ಗುಣಿಸಬೇಕು ಅಂತ ಹೇಳಿಕೊಟ್ಟಿದ್ದಾರೆ. 3/4 ಒಂದಕ್ಕಿಂತ ಚಿಕ್ಕದು. ಅದು 75 ಹೇಗಾಗುತ್ತದೆ? ಮತ್ತೆ 2/3 ಮಾಡಿದರೆ 66.666 ಅಂತ ಮುಗಿಯುವುದೇ ಇಲ್ಲ. (ದಾವಣಗೆರೆ)

ನಿನ್ನ ಅನುಮಾನ ಸರಿಯಾಗಿದೆ. 3/4 ಮತ್ತು 75 ಒಂದೇ ಅಲ್ಲ. 3/4 ಮತ್ತು ಶೇಕಡಾ 75 ಒಂದೇ. ಶೇಕಡಾ ಅಂದರೆ ನೂರರಲ್ಲಿ ಅಂತ. ಅಂದರೆ ಆ ಪದದೊಳಗೇ 100ರಿಂದ ಭಾಗಿಸುವ ಕೆಲಸ ಸೇರಿಕೊಂಡಿದೆ. ನೀನು 100ರಿಂದ ಗುಣಿಸಿದೆ, ಶೇಕಡಾ ಅನ್ನುವ ಪದ 100ರಿಂದ ಭಾಗಿಸಿತು, ಬೆಲೆ ಇದ್ದಲ್ಲೇ ಇತ್ತು. ಅದಕ್ಕೇ % ಗುರುತು ಬರೆಯದಿದ್ದರೆ ಉತ್ತರ ತಪ್ಪಾಗುತ್ತದೆ, ಸುಮ್ನೆ ಅಲಂಕಾರಕ್ಕೆ ಹಾಕುವುದಲ್ಲ ಅದು.

ಸೂತ್ರವನ್ನು ಒಂದು ನಿಮಿಷ ಪಕ್ಕಕ್ಕಿಡು. ಒಂದು ಹೋಳಿಗೆಯನ್ನು ನಾಲ್ಕು ಸಮ ತುಂಡು ಮಾಡಿ ಮೂರು ತಿಂದೆ ಅಂದುಕೋ. ಅದೇ ಹೋಳಿಗೆಯನ್ನು ನೂರು ತುಂಡು ಮಾಡಿದ್ದರೆ? ಮೊದಲಿನ ಒಂದೊಂದು ತುಂಡಿನಲ್ಲೂ 25 ಚಿಕ್ಕ ತುಂಡು ಇರುತ್ತಿದ್ದವು. ನೀನು ತಿಂದದ್ದು ಮೂರು ಇಪ್ಪತ್ತೈದು, ಅಂದರೆ 75. ಇಷ್ಟೇ. ನೂರನ್ನು ಛೇದದಿಂದ ಭಾಗಿಸು, ಒಂದು ಪಾಲಿಗೆ ಎಷ್ಟು ಅಂತ ಸಿಗುತ್ತದೆ, ಅದನ್ನು ಅಂಶದಿಂದ ಗುಣಿಸು. 3/8 ಬಂದರೆ ಒಂದು ಪಾಲಿಗೆ 12.5, ಮೂರಕ್ಕೆ 37.5. 5/4 ಬಂದರೆ ಐದು ಇಪ್ಪತ್ತೈದು, 125. ನೂರು ದಾಟಿತು ಅಂತ ಗಾಬರಿ ಬೇಡ, ಒಂದಕ್ಕಿಂತ ದೊಡ್ಡ ಭಿನ್ನರಾಶಿ ನೂರು ದಾಟಲೇಬೇಕು ಅಲ್ವಾ.

ಮನೆಯಲ್ಲಿ ಅಜ್ಜಿ, ತಾತ ಇದ್ದರೆ ಅರೆಕಾಲು ಅಂದರೆ ಎಷ್ಟು ಅಂತ ಕೇಳು. ಕಾಲಿನಲ್ಲಿ ಅರ್ಧ, 1/8. ಅದರಲ್ಲಿ ಅರ್ಧ ವೀಸ, 1/16. ಇವೆಲ್ಲ ಹಿಂದೆ ದಿನಬಳಕೆಯ ಮಾತುಗಳು, ಯಾಕೆಂದರೆ ರೂಪಾಯಿಗೆ ಹದಿನಾರಾಣೆ ಇತ್ತು. ನಾಲ್ಕಾಣೆ ಅಂದರೆ ಕಾಲು, ಎಂಟಾಣೆ ಅಂದರೆ ಅರ್ಧ. ಪೂರ್ತಿ ನಿಜವಾದ ಮಾತಿಗೆ ಈಗಲೂ ಹದಿನಾರಾಣೆ ಸತ್ಯ ಅನ್ನುತ್ತೇವೆ. ಅದನ್ನೇ ಇವತ್ತಿನ ಭಾಷೆಯಲ್ಲಿ ನೂರಕ್ಕೆ ನೂರು ಅನ್ನುತ್ತೇವೆ. 16/16 ಆದರೂ 100/100 ಆದರೂ ಪೂರ್ತಿ ಪೂರ್ತಿಯೇ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆ ಅಂತಾಯಿತು. ಆಗ ಇಡೀ ದೇಶ ನಿನ್ನ ಈ ಲೆಕ್ಕವನ್ನೇ ಮಾಡಬೇಕಾಯಿತು: ಹದಿನಾರರಲ್ಲಿ ಒಂದು ಅಂದರೆ ನೂರರಲ್ಲಿ ಎಷ್ಟು? ಉತ್ತರ 6.25. ಆದರೆ ಕಾಲು ಪೈಸೆಯ ನಾಣ್ಯ ಇರಲಿಲ್ಲ. ಹಾಗಾಗಿ ಒಂದಾಣೆಗೆ 6 ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ ಸರಿಯಾಗಿ 25 ಅಂತ ಗೊತ್ತುಮಾಡಿದರು. 6ರಿಂದ 12, 12ರಿಂದ 19, 19ರಿಂದ 25. ಒಂದೊಂದೇ ಆಣೆ ಹೆಚ್ಚಾಗಿದ್ದರೂ ಜಿಗಿತ ಒಂದೇ ಸಮ ಇಲ್ಲ, ನೋಡು. ಲೆಕ್ಕವನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತಂದಾಗ ಹೀಗೇ ಆಗುತ್ತದೆ.

ನಿನ್ನ 2/3ರ ತೊಂದರೆಯೂ ಇದರ ಅಣ್ಣನೇ. ನೂರು ಅನ್ನುವುದು 2 ಮತ್ತು 5ರಿಂದ ಮಾತ್ರ ಆದ ಸಂಖ್ಯೆ: 2 × 2 × 5 × 5. ಅದರಲ್ಲಿ 3 ಎಲ್ಲೂ ಇಲ್ಲ. ಭಿನ್ನರಾಶಿಯನ್ನು ಪೂರ್ತಿ ಸರಳಗೊಳಿಸಿದ ಮೇಲೆ ಛೇದದಲ್ಲಿ 2 ಮತ್ತು 5 ಬಿಟ್ಟು ಬೇರೆ ಅವಿಭಾಜ್ಯ ಉಳಿದರೆ ದಶಮಾಂಶ ಮುಗಿಯುವುದೇ ಇಲ್ಲ. ಅದಕ್ಕೇ 1/3, 1/7, 1/9 ಓಡುತ್ತಲೇ ಇರುತ್ತವೆ. 1/8, 1/16, 1/625 ನಿಲ್ಲುತ್ತವೆ. 3/6 ನೋಡಿ ಮೋಸ ಹೋಗಬೇಡ, ಅದು ಅರ್ಧ. ಉತ್ತರ ಬರೆಯುವಾಗ 66.67% ಅಂತ ಬರೆ, ಆದರೆ ಮುಂದೆ ಇನ್ನೂ ಲೆಕ್ಕ ಇದ್ದರೆ 2/3 ಅಂತಲೇ ಇಟ್ಟುಕೋ. 900ರಲ್ಲಿ 2/3 ಅಂದರೆ ಸರಿಯಾಗಿ 600. 66% ಅಂತ ಕತ್ತರಿಸಿಕೊಂಡು ಮಾಡಿದರೆ 594 ಬರುತ್ತದೆ. ಆರು ಎಲ್ಲಿ ಹೋಯಿತು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ಪ್ರಶ್ನೆ: ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 547 ಬಂದಿದೆ. ಕನ್ನಡ 119, ಇಂಗ್ಲಿಷ್ 88, ಹಿಂದಿ 92, ಗಣಿತ 71, ವಿಜ್ಞಾನ 80, ಸಮಾಜ 97. ಆರು ವಿಷಯ ಅಂತ ನಾನು 6ರಿಂದ ಭಾಗಿಸಿದೆ, 91.17 ಬಂತು. ನನ್ನ ತಮ್ಮ ಒಂದೊಂದು ವಿಷಯದ ಶೇಕಡಾ ತೆಗೆದು ಸರಾಸರಿ ಮಾಡಿದ, 87.2 ಬಂತು. ಮಗಳು 87.52 ಅನ್ನುತ್ತಾಳೆ. ಯಾರದು ಸರಿ? (ಹಾಸನ)

ಮಗಳದೇ ಸರಿ. ಅವಳಿಗೆ ಅಭಿನಂದನೆ ತಿಳಿಸಿ, ಅಂಕಕ್ಕೂ ಲೆಕ್ಕಕ್ಕೂ.

ನೀವು ಆರರಿಂದ ಭಾಗಿಸಿದಾಗ ಒಟ್ಟು 600 ಅಂತ ಒಪ್ಪಿಕೊಂಡ ಹಾಗಾಯಿತು. ಪಿಯುಸಿಯ 600 ಅಂಕಕ್ಕೆ ಅದು ಸರಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು. ಆ 25 ಮರೆತದ್ದಕ್ಕೆ ನಿಮ್ಮ ಲೆಕ್ಕದಲ್ಲಿ ಮೂರೂವರೆಗಿಂತ ಜಾಸ್ತಿ ಶೇಕಡಾ ಸೇರಿಕೊಂಡಿತು.

ನಿಮ್ಮ ತಮ್ಮನ ತಪ್ಪು ಇನ್ನೂ ಸೂಕ್ಷ್ಮ. ಓದಿದವರೂ ಇದನ್ನು ಮಾಡುತ್ತಾರೆ. ಅವರು ಕನ್ನಡದ 119ನ್ನು 125ರಿಂದ ಭಾಗಿಸಿ 95.2 ಅಂತ ಸರಿಯಾಗಿಯೇ ತೆಗೆದಿದ್ದಾರೆ. ಆಮೇಲೆ ಆರೂ ವಿಷಯಕ್ಕೆ ಸಮ ತೂಕ ಕೊಟ್ಟುಬಿಟ್ಟರು. ಕನ್ನಡಕ್ಕೆ ಒಂದೂಕಾಲು ಪಟ್ಟು ತೂಕ ಇರಬೇಕಿತ್ತು. ಮಗಳು ಕನ್ನಡದಲ್ಲಿ ಚೆನ್ನಾಗಿ ಮಾಡಿದ್ದರಿಂದ ಆ ತೂಕ ಕಳೆದುಹೋಗಿ ಸರಾಸರಿ ಕೆಳಗೆ ಬಂತು. ಕನ್ನಡದಲ್ಲೇ ಕಡಿಮೆ ಬಂದಿದ್ದರೆ ಇದೇ ದಾರಿ ನಿಜಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಒಂದೇ ಛೇದ ಇಲ್ಲದ ಶೇಕಡಾಗಳನ್ನು ಹಾಗೇ ಕೂಡಿಸಿ ಸರಾಸರಿ ತೆಗೆಯಬೇಡಿ. ಅಂಕಗಳನ್ನು ಕೂಡಿ, ಒಟ್ಟನ್ನು ಕೂಡಿ, ಕೊನೆಯಲ್ಲಿ ಒಂದೇ ಸಲ ಶೇಕಡಾ ಮಾಡಿ.

ಈಗ ಮೊಬೈಲ್ ಇಲ್ಲದೆ ಮಾಡುವ ದಾರಿ. 625ನ್ನು 16ರಿಂದ ಗುಣಿಸಿದರೆ ಸರಿಯಾಗಿ 10,000. ಹಾಗಾಗಿ 625ಕ್ಕೆ ಬಂದ ಅಂಕವನ್ನು 16ರಿಂದ ಗುಣಿಸಿ, ಬಲಗಡೆಯಿಂದ ಎರಡು ಅಂಕಿ ಬಿಟ್ಟು ಚುಕ್ಕಿ ಇಟ್ಟರೆ ಮುಗಿಯಿತು. 547 × 16 = 8752. ಚುಕ್ಕಿ ಇಡಿ, 87.52. ಮೇಲಿನ ಹುಡುಗನಿಗೆ ಹೇಳಿದ ಆಣೆಯೇ ಇಲ್ಲಿ ಮತ್ತೆ ಬಂದಿದೆ, ಒಂದಾಣೆ 6.25 ಪೈಸೆ, ಹದಿನಾರು ಸೇರಿದರೆ ನೂರು. ನಾನು ಇದನ್ನು ತರಗತಿಯಲ್ಲಿ ತೋರಿಸಿದಾಗಲೆಲ್ಲ ಹಿಂದಿನ ಬೆಂಚಿನ ಮಕ್ಕಳೂ ತಮ್ಮ ಅಂಕ ಹಾಕಿ ನೋಡಲು ಶುರುಮಾಡುತ್ತಾರೆ, ಆ ಖುಷಿ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ.

ಇದರಿಂದ ಇನ್ನೊಂದು ಉಪಯೋಗ ಇದೆ. ಒಂದು ಅಂಕಕ್ಕೆ 0.16 ಶೇಕಡಾ. ಮರುಮೌಲ್ಯಮಾಪನದಲ್ಲಿ ಐದು ಅಂಕ ಹೆಚ್ಚಾದರೆ 0.8 ಏರುತ್ತದೆ, ಅಷ್ಟೇ. ಶೇಕಡಾ 90ಕ್ಕೆ 562.5 ಬೇಕು, ಅಂದರೆ 563. ಮಗಳಿಗೆ ಇನ್ನೂ 16 ಅಂಕ ಬೇಕಿತ್ತು. 562 ಬಂದವರದು 89.92. ಅರ್ಜಿಯಲ್ಲಿ ಅದನ್ನು 90 ಅಂತ ಬರೆಯಬೇಡಿ, ಇದ್ದದ್ದನ್ನೇ ಬರೆಯಿರಿ.

ಪ್ರಶ್ನೆ: ಎರಡು ಪವನಿನ ಸರ ಕೊಳ್ಳಲು ಹೋಗಿದ್ದೆ. 22 ಕ್ಯಾರೆಟ್, 916 ಅಂದರು. 916 ಅಂದರೆ ಏನು? ನೂರರಲ್ಲಿ 8.4 ಚಿನ್ನ ಅಲ್ಲ, ಅದೇ ವೇಸ್ಟೇಜ್ ಅಂತ ಜೊತೆಗಿದ್ದವರು ಹೇಳಿದರು. ಹೌದಾ? (ಕುಂದಾಪುರ)

ಇಲ್ಲ, ಅವೆರಡೂ ಬೇರೆ ಬೇರೆ.

ಚಿನ್ನದ ಶುದ್ಧತೆಯನ್ನು 24 ಪಾಲಿನಲ್ಲಿ ಅಳೆಯುತ್ತಾರೆ. 22 ಕ್ಯಾರೆಟ್ ಅಂದರೆ 22/24, ಸರಳ ಮಾಡಿದರೆ 11/12. ನೂರನ್ನು ಹನ್ನೆರಡು ಪಾಲು ಮಾಡಿದರೆ ಒಂದಕ್ಕೆ 8.333, ಹನ್ನೊಂದಕ್ಕೆ 91.67. ಹಾಲ್‌ಮಾರ್ಕ್‌ನಲ್ಲಿ ನೂರಕ್ಕೆ ಬದಲು ಸಾವಿರಕ್ಕೆ ಎಷ್ಟು ಅಂತ ಬರೆಯುತ್ತಾರೆ, ಚುಕ್ಕಿಯ ತಲೆನೋವು ಇರುವುದಿಲ್ಲ. 916.67ರಲ್ಲಿ ಚುಕ್ಕಿಯ ನಂತರದ್ದು ಬಿಟ್ಟರೆ 916. 18 ಕ್ಯಾರೆಟ್‌ಗೆ 750, ಅದು ಸರಿಯಾಗಿ ಮುಕ್ಕಾಲು. 14 ಕ್ಯಾರೆಟ್‌ಗೆ ಲೆಕ್ಕದ ಪ್ರಕಾರ 583 ಬರಬೇಕು, ಆದರೆ ಮುದ್ರೆಯಲ್ಲಿ 585 ಇರುತ್ತದೆ. ಅಲ್ಲಿ ಮಾನಕವನ್ನೇ ಸ್ವಲ್ಪ ಮೇಲೆ ಇಟ್ಟಿದ್ದಾರೆ.

ಎರಡು ಪವನು ಅಂದರೆ 16 ಗ್ರಾಂ. ಅದರಲ್ಲಿ ಶುದ್ಧ ಚಿನ್ನ 14.66 ಗ್ರಾಂ. ಉಳಿದದ್ದು ತಾಮ್ರ, ಬೆಳ್ಳಿಯಂಥ ಲೋಹ, ಸರ ಗಟ್ಟಿಯಾಗಿರಲಿ ಅಂತ ಬೆರೆಸಿದ್ದು. ಅದು ನಿಮ್ಮ ಸರದೊಳಗೇ ಇದೆ, ಎಲ್ಲೂ ವ್ಯರ್ಥವಾಗಿಲ್ಲ. 22 ಕ್ಯಾರೆಟ್‌ನ ದಿನದ ದರ ಹಾಕುವಾಗಲೇ ಈ ಬೆರಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ.

ವೇಸ್ಟೇಜ್ ಅನ್ನುವುದು ಒಡವೆ ಮಾಡುವಾಗಿನ ಸವಕಲು ಅಂತ ಅಂಗಡಿಯವರು ಬೇರೆಯಾಗಿ ಸೇರಿಸುವ ಮೊತ್ತ. ಶೇಕಡಾ 10 ಅಂದರೆ ಯಾವುದರ ಶೇಕಡಾ 10 ಅಂತ ತಪ್ಪದೆ ಕೇಳಿ. ಒಡವೆಯ ತೂಕದ ಮೇಲೆ ಅಂದರೆ 16 ಗ್ರಾಂಗೆ 1.6 ಗ್ರಾಂ, ನೀವು 17.6 ಗ್ರಾಂ ಚಿನ್ನದ ದುಡ್ಡು ಕೊಟ್ಟು 16 ಗ್ರಾಂ ಮನೆಗೆ ತರುತ್ತೀರಿ. ಇದರ ಮೇಲೆ ಮಜೂರಿ ಅಂತ ಇನ್ನೊಂದು ಸಾಲು ಇದೆಯಾ ನೋಡಿ. ಬಿಲ್ಲಿನಲ್ಲಿ ತೂಕ, ದರ, ವೇಸ್ಟೇಜ್ ಎಷ್ಟು ಗ್ರಾಂ, ಮಜೂರಿ ಎಷ್ಟು ರೂಪಾಯಿ ಅಂತ ಬಿಡಿಸಿ ಬರೆಸಿಕೊಳ್ಳಿ. ಎರಡು ಅಂಗಡಿಯ ಬಿಲ್ಲು ಹೋಲಿಸುವಾಗ ಶೇಕಡಾ ನೋಡಬೇಡಿ, ಆ ಗ್ರಾಂ ಮತ್ತು ರೂಪಾಯಿ ನೋಡಿ.