ಬೀಫ್ ಚಿಲ್ಲಿಯಲ್ಲಿ ರಾಜ್ಮಾ ಬೇಯದಿರುವುದರ ಬಗ್ಗೆ

ಬೀಫ್ ಚಿಲ್ಲಿಯನ್ನು (ದನದ ಮಾಂಸ, ಮೆಣಸಿನ ಪುಡಿ ಹಾಕಿ ನಿಧಾನವಾಗಿ ಬೇಯಿಸುವ ಅಮೆರಿಕದ ಗಟ್ಟಿ ಸಾರು) ನಾಲ್ಕು ಗಂಟೆ ಕುದಿಸಿದರೂ ಅದರೊಳಗಿನ ರಾಜ್ಮಾ ಏಕೆ ಗಟ್ಟಿಯಾಗಿಯೇ ಉಳಿಯಿತು ಎಂದು ಕೇಳಿದ್ದೀರಿ. ಟೊಮೆಟೊವನ್ನು ಮೊದಲೇ ಸೇರಿಸಿದ್ದು ಬಹುಶಃ ಕಾರಣ. ಹುಳಿ ಬಿದ್ದ ನೀರಿನಲ್ಲಿ ಕಾಳು ಮೆತ್ತಗಾಗುವುದು ಬಹಳ ನಿಧಾನ. ಕಾಳು ತೀರ ಹಳೆಯದಾಗಿದ್ದರೂ ಹೀಗಾಗುವುದುಂಟು. ಈಗಿರುವುದಕ್ಕೆ ಒಂದು ಲೋಟ ನೀರು ಬೆರೆಸಿ, ಪ್ರೆಷರ್ ಕುಕ್ಕರಿನಲ್ಲಿ ನಾಲ್ಕೈದು ವಿಷಲ್ ಕೂಗಿಸಿ ನೋಡಿ. ಮುಂದಿನ ಸಲ ರಾತ್ರಿಯಿಡೀ ನೆನೆಸಿದ ಕಾಳಿನ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೇಯಿಸಿಕೊಳ್ಳಿ. ಸ್ಲೋ ಕುಕ್ಕರಿನ ಮಂದ ಶಾಖಕ್ಕೆ ಹಸಿ ರಾಜ್ಮಾದ ವಿಷಾಂಶ ಹೋಗದಿರಬಹುದಾದ್ದರಿಂದ ಈ ಕುದಿತವನ್ನು ಬಿಡಬಾರದು. ಮಾಂಸವನ್ನು ಸ್ವಲ್ಪಸ್ವಲ್ಪವಾಗಿ ಕಂದುಬಣ್ಣಕ್ಕೆ ಹುರಿದು, ಈರುಳ್ಳಿ, ಜೀರಿಗೆ, ಮೆಣಸಿನ ಪುಡಿ, ಟೊಮೆಟೊಗಳೊಂದಿಗೆ ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಯಿಸಿದ ಮೇಲೆ, ಬೆಂದ ಕಾಳನ್ನು ಕೊನೆಯ ಅರ್ಧ ಗಂಟೆಗೆ ಸೇರಿಸಿ. (ಟೆಕ್ಸಾಸ್ ಶೈಲಿಯ ಚಿಲ್ಲಿಗೆ ಕಾಳನ್ನೇ ಹಾಕುವುದಿಲ್ಲ, ಅವಸರದ ದಿನಕ್ಕೆ ಅದೇ ವಾಸಿ.)